ಪ್ರತಿ ಇತ್ತು, ಇಳಿಸಲು ಜಾಗವಿರಲಿಲ್ಲ: ಬ್ರಿಟಿಷ್ ಲೈಬ್ರರಿಯ ದಾಳಿಯೂ ಮ್ಯೂಸಿಯಂಗಳ ಸೈಬರ್ ಭದ್ರತೆಯ ಹೋಲಿಕೆಯೂ

2023ರ ಅಕ್ಟೋಬರ್ 28, ಶನಿವಾರ, ಬೆಳಿಗ್ಗೆ 7.35. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ತಂತ್ರಜ್ಞಾನ ವಿಭಾಗದ ಒಬ್ಬರಿಗೆ ನೆಟ್‌ವರ್ಕ್ ಸಿಗಲಿಲ್ಲ. 10 ಗಂಟೆಗೆ ಹಿರಿಯ ಅಧಿಕಾರಿಗಳ ತುರ್ತು ಸಭೆ ಸೇರಿತು, ಅದೂ ವಾಟ್ಸಾಪ್ ಕರೆಯಲ್ಲಿ. ವೆಬ್‌ಸೈಟ್, ಕ್ಯಾಟಲಾಗ್, ಫೋನ್, ಓದುಗರ ವೈಫೈ ಎಲ್ಲವೂ ನಿಂತಿದ್ದವು. ಅಂಗಡಿಯಲ್ಲಿ ಕಾರ್ಡ್ ನಡೆಯುತ್ತಿರಲಿಲ್ಲ, ನಗದು ಮಾತ್ರ. 17 ಕೋಟಿಗೂ ಹೆಚ್ಚಿನ ಸಂಗ್ರಹದಲ್ಲಿ ಒಂದು ಹಾಳೆಯೂ ಕಳುವಾಗಿರಲಿಲ್ಲ. ಯಾವುದು ಯಾವ ಕಪಾಟಿನಲ್ಲಿದೆ ಎಂದು ಹೇಳುವ ವ್ಯವಸ್ಥೆ ಮಾತ್ರ ಇಲ್ಲವಾಗಿತ್ತು.

ಮ್ಯೂಸಿಯಂಗಳ ಸೈಬರ್ ಭದ್ರತೆಯನ್ನು ಹೋಲಿಸಲು ಒಂದು ಗ್ರಂಥಾಲಯವನ್ನು ಏಕೆ ಹಿಡಿಯಬೇಕು? ಎರಡು ಕಾರಣಗಳಿವೆ. ಬ್ರಿಟಿಷ್ ಲೈಬ್ರರಿ ಬ್ರಿಟಿಷ್ ಮ್ಯೂಸಿಯಂನ ಹೊಟ್ಟೆಯಿಂದಲೇ ಬಂದದ್ದು, 1973ರಲ್ಲಿ ಬೇರೆಯಾಯಿತು. ದಾಖಲಾತಿ ವಹಿ, ಎರವಲು ಒಪ್ಪಂದ, ದಾನಿಗಳ ವಿವರ, ಡಿಜಿಟಲ್ ಚಿತ್ರಗಳ ರಾಶಿ, ಟಿಕೆಟ್, ಅಂಗಡಿ, ಹವಾನಿಯಂತ್ರಣ, ಹೀಗೆ ಎರಡೂ ಕಡೆ ಕೆಲಸದ ಸ್ವರೂಪ ಒಂದೇ. ಎರಡನೆಯ ಕಾರಣ ಹೆಚ್ಚು ಮುಖ್ಯ. ದಾಳಿಗೆ ಸಿಕ್ಕ ಬಹುತೇಕ ಸಂಸ್ಥೆಗಳು ‘ತಾಂತ್ರಿಕ ತೊಂದರೆ’ ಎಂದು ನಾಲ್ಕು ಸಾಲು ಬರೆದು ಸುಮ್ಮನಾಗುತ್ತವೆ. ಈ ಸಂಸ್ಥೆ 2024ರ ಮಾರ್ಚ್ 8ರಂದು 18 ಪುಟಗಳ ವರದಿ ಹೊರಡಿಸಿತು. ಯಾವ ಸರ್ವರ್, ಎಷ್ಟು ಗಂಟೆಗೆ, ಎಷ್ಟು ಜಿಬಿ, ತಮ್ಮ ಯಾವ ತೀರ್ಮಾನ ತಪ್ಪಾಯಿತು ಎಂಬುದನ್ನೆಲ್ಲ ತಾನೇ ಒಪ್ಪಿಕೊಂಡು ಬರೆಯಿತು. ಹೀಗೆ ತೆರೆದಿಟ್ಟ ದಾಖಲೆ ಇಲ್ಲದಿದ್ದರೆ ಹೋಲಿಕೆ ಎಂಬುದು ಬರೀ ಊಹೆ.

ನಮಗೂ ಇದರ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಮತ್ತು ಇಂಡಿಯಾ ಆಫೀಸಿನ ದಾಖಲೆಗಳು ಇರುವುದು ಅಲ್ಲೇ. ಮೈಸೂರು ಯುದ್ಧಗಳ ಪತ್ರವ್ಯವಹಾರ, ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕಾಗದಗಳು ಇವನ್ನೆಲ್ಲ ನೋಡಬೇಕಾದ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೂ ಆ ಚಳಿಗಾಲ ಬಾಗಿಲು ಮುಚ್ಚಿತ್ತು.

ಮೂರು ರಾತ್ರಿಗಳು

ಅಪರಿಚಿತರ ಮೊದಲ ಸುಳಿವು ಅಕ್ಟೋಬರ್ 25, ಬುಧವಾರ ರಾತ್ರಿ 11.29ಕ್ಕೆ ದಾಖಲಾಗಿದೆ. ನಡುರಾತ್ರಿ ಕಳೆದು 1.15ಕ್ಕೆ ಭದ್ರತಾ ವ್ಯವಸ್ಥಾಪಕರಿಗೆ ಎಚ್ಚರಿಕೆ ಹೋಯಿತು. ಅವರು ತಡೆ ಹಾಕಿದರು, ದೋಷ ಹುಡುಕುವ ಸ್ಕ್ಯಾನ್ ಓಡಿಸಿದರು. ಬೆಳಿಗ್ಗೆ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಏನು ಮಾಡಿದರು ಎಂದು ಯಂತ್ರಗಳು ತಾವೇ ಬರೆದಿಡುವ ದಾಖಲೆಗಳನ್ನು, ನೋಡಿದರು. ಕೆಟ್ಟದ್ದೇನೂ ಕಣ್ಣಿಗೆ ಬೀಳಲಿಲ್ಲ, ಕೆಲಸ ಎಂದಿನಂತೆ ಮುಂದುವರಿಯಿತು. 28ರ ನಸುಕಿನ 1.30ಕ್ಕೆ 440 ಜಿಬಿಯಷ್ಟು ದತ್ತಾಂಶ ಕಟ್ಟಡದಿಂದ ಹೊರಗೆ ಹರಿಯಿತು.

ಇಲ್ಲಿ ಬುಧವಾರ ರಾತ್ರಿಯ ಎಚ್ಚರಿಕೆಯೇ ಮುಖ್ಯ. ಯಾರೂ ನಿದ್ದೆ ಮಾಡಿರಲಿಲ್ಲ. ಎಚ್ಚರಿಕೆ ಬಂತು, ಮನುಷ್ಯರು ನೋಡಿದರು, ಕ್ರಮವನ್ನೂ ಕೈಗೊಂಡರು. ಎಡವಿದ್ದು ‘ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ’ ಎಂಬುದನ್ನು ‘ಏನೂ ಇಲ್ಲ’ ಎಂದು ಓದಿಕೊಂಡಾಗ. ದೋಷ ಹುಡುಕುವ ಸ್ಕ್ಯಾನ್ ನೋಡುವುದು ಯಾವ ಸಾಫ್ಟ್‌ವೇರ್ ಹಳೆಯದು, ಯಾವ ಕಿಟಕಿ ತೆರೆದಿದೆ ಎಂಬುದನ್ನು. ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್ ಹಾಕಿ ಒಳಗೆ ಬಂದು ಕೂತವನು ಅದರ ಕಣ್ಣಿಗೆ ಬೀಳುವುದಿಲ್ಲ. ಅವನನ್ನು ಹಿಡಿಯಲು ಆ ಖಾತೆ ಹಿಂದಿನ ದಿನಗಳಲ್ಲಿ ಯಾವ ಯಾವ ಯಂತ್ರ ಮುಟ್ಟಿದೆ ಎಂದು ಒಂದೊಂದಾಗಿ ಹಿಂಬಾಲಿಸಬೇಕು. ಸಣ್ಣ ಸುಳಿವು ಸಿಕ್ಕರೂ ಆಳಕ್ಕಿಳಿದು ತಪಾಸಣೆ ಮಾಡಬೇಕು, ಹೊರಗಿನ ತಜ್ಞರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು ಎಂದು ವರದಿ ತನ್ನ 16 ಪಾಠಗಳಲ್ಲಿ ಹೇಳಿರುವುದು ಇದಕ್ಕೇ.

ಬಾಗಿಲು

2020ರ ಫೆಬ್ರವರಿಯಲ್ಲಿ ಒಂದು ಟರ್ಮಿನಲ್ ಸರ್ವರ್ ಹಾಕಿದ್ದರು. ಹೊರಗಿನ ಗುತ್ತಿಗೆ ಕಂಪನಿಗಳವರೂ ವ್ಯವಸ್ಥೆಯ ಪೂರ್ಣ ಅಧಿಕಾರವಿರುವ ಒಳಗಿನ ಅಡ್ಮಿನ್‌ಗಳೂ ದೂರದಿಂದ ಕೆಲಸ ಮಾಡಲು ಅದೇ ದಾರಿ. ಫೈರ್‌ವಾಲ್ ಇತ್ತು, ಆಂಟಿವೈರಸ್ ಇತ್ತು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಎರಡು ಹಂತದ ಲಾಗಿನ್ ಇರಲಿಲ್ಲ. ಅದೇ ವರ್ಷ ಹೊರಗಿನ ಕಂಪನಿಗಳ ಸರ್ವರ್‌ಗಳಲ್ಲಿ ಓಡುವ ಕ್ಲೌಡ್ ವ್ಯವಸ್ಥೆಗಳಿಗೆ ಅದನ್ನು ಅಳವಡಿಸಿದ್ದರು. ಖರ್ಚು ಮತ್ತು ತೊಡಕಿನ ಕಾರಣಕ್ಕೆ ಒಳಗಿನ ಸರ್ವರ್‌ಗಳ ಈ ದಾರಿಯನ್ನು ಹೊರಗಿಟ್ಟಿದ್ದರು. ಅಪಾಯವಿದೆ ಎಂದು ಆಗಲೇ ಗುರುತಿಸಿದ್ದರೂ ಅದರ ಪರಿಣಾಮ ಎಷ್ಟು ದೂರ ಹೋಗಬಹುದೆಂದು ಅಳೆಯಲಿಲ್ಲ. ಅಡ್ಮಿನ್ ಮಟ್ಟದ ಯಾರದೋ ಪಾಸ್‌ವರ್ಡ್ ಕೈಸೇರಿ ಇಲ್ಲಿಂದಲೇ ಒಳನುಗ್ಗಿರಬೇಕು ಎಂಬುದು ತನಿಖೆಯ ತೀರ್ಮಾನ. ಲಾಗ್‌ಗಳನ್ನು ಅಳಿಸಿಹಾಕಿ ಹೋದದ್ದರಿಂದ ಪೂರ್ತಿ ಖಚಿತವಾಗಲಿಲ್ಲ.

ಹೊರಗಿನ ಕಂಪನಿಗಳ ಮೇಲಿನ ಅವಲಂಬನೆ ಹೆಚ್ಚುತ್ತಿದೆ ಎಂದು 2022ರ ಕೊನೆಯಲ್ಲೇ ಆಂತರಿಕ ಸಮಿತಿ ಎಚ್ಚರಿಸಿತ್ತು. ಅದರ ಪರಿಶೀಲನೆಗೆ ಗೊತ್ತುಮಾಡಿದ್ದು 2024. ದಾಳಿ ಅದಕ್ಕಿಂತ ಮೊದಲೇ ಬಂತು.

ಕಳವಿನ ಮೂರು ದಾರಿ

ಒಟ್ಟು ಸುಮಾರು 600 ಜಿಬಿ, 5 ಲಕ್ಷಕ್ಕೆ ತುಸು ಕಡಿಮೆ ಕಡತಗಳು. ಹಣಕಾಸು, ತಂತ್ರಜ್ಞಾನ, ಸಿಬ್ಬಂದಿ ವಿಭಾಗಗಳ ಫೋಲ್ಡರ್‌ಗಳನ್ನು ಇಡಿಯಾಗಿ ಎತ್ತಿದ್ದು ಇದರಲ್ಲಿ ನೂರಕ್ಕೆ ಸುಮಾರು 60 ಪಾಲು. ‘ಪಾಸ್‌ಪೋರ್ಟ್’, ‘ಗೋಪ್ಯ’ ಎಂಬಂಥ ಪದಗಳನ್ನು ಹುಡುಕಿ ಸಿಕ್ಕ ಕಡತಗಳನ್ನು ಬಾಚಿದ್ದು ನೂರಕ್ಕೆ ಸುಮಾರು 40 ಪಾಲು. ಇದರಲ್ಲಿ ಸಿಬ್ಬಂದಿ ಕಚೇರಿಯ ಡ್ರೈವ್‌ನಲ್ಲಿ ಇಟ್ಟುಕೊಂಡ ಸ್ವಂತದ ಕಾಗದಪತ್ರಗಳೂ ಹೋದವು. ಮೂರನೆಯದು ತುಂಬ ಜಾಣತನದ್ದು. ನೆಟ್‌ವರ್ಕ್ ನೋಡಿಕೊಳ್ಳಲು ಇಟ್ಟಿದ್ದ ಸಂಸ್ಥೆಯದೇ ಉಪಕರಣಗಳನ್ನು ಬಳಸಿ 22 ಡೇಟಾಬೇಸ್‌ಗಳ ಬ್ಯಾಕಪ್ ತೆಗೆದು ಹೊರಗೆ ಸಾಗಿಸಿದರು. ಮನೆಯ ಏಣಿಯನ್ನೇ ಗೋಡೆಗೆ ಚಾಚಿದಂತೆ. ಹೊರಗಿನ ವೈರಸ್ ಅಲ್ಲವಾದ್ದರಿಂದ ಆಂಟಿವೈರಸ್ ಇದನ್ನು ಗುರುತಿಸುವುದು ಕಷ್ಟ.

ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ರೈಸಿಡಾ ಎಂಬ ರಾನ್ಸಮ್‌ವೇರ್ ಗುಂಪು ನವೆಂಬರಿನಲ್ಲಿ ಇದನ್ನು ಅಂತರ್ಜಾಲದ ಗುಪ್ತ ಮೂಲೆಯಾದ ಡಾರ್ಕ್ ವೆಬ್‌ನಲ್ಲಿ ಹರಾಜಿಗಿಟ್ಟಿತು. ಕೇಳಿದ್ದು 20 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 6 ಲಕ್ಷ ಪೌಂಡ್. ಲೈಬ್ರರಿ ಕೊಡಲಿಲ್ಲ. ಸಾರ್ವಜನಿಕ ಹಣದ ಸಂಸ್ಥೆಗಳು ಒತ್ತೆಹಣ ಕೊಡಬಾರದೆಂಬುದು ಬ್ರಿಟನ್ನಿನ ನೀತಿ. ಆ ತಿಂಗಳ ಕೊನೆಗೆ ಬಹುಪಾಲು ದತ್ತಾಂಶವನ್ನು ಗುಂಪು ಬಯಲಿಗೆ ಸುರಿಯಿತು.

ಎದ್ದು ನಿಲ್ಲಲು ಏಕೆ ತಿಂಗಳುಗಳು ಬೇಕಾದವು

ಇಡೀ ಪ್ರಕರಣದ ತಿರುಳು ಇಲ್ಲಿದೆ. ಡಿಜಿಟಲ್ ಸಂಗ್ರಹದ ಮತ್ತು ಅದರ ವಿವರಗಳ ಸುರಕ್ಷಿತ ಪ್ರತಿಗಳು ಲೈಬ್ರರಿಯ ಬಳಿ ಇದ್ದವು. ಬ್ಯಾಕಪ್ ಇಟ್ಟಿರಲಿಲ್ಲ ಎಂದು ಯಾರೂ ದೂರುವಂತಿರಲಿಲ್ಲ. ಆ ಪ್ರತಿಗಳನ್ನು ಇಳಿಸಲು ಮಾತ್ರ ಯಂತ್ರವಿರಲಿಲ್ಲ. ದಾಳಿಕೋರರು ಕಡತಗಳಿಗೆ ಬೀಗ ಹಾಕಿದ್ದಷ್ಟೇ ಅಲ್ಲ, ಸರ್ವರ್‌ಗಳನ್ನೇ ಹಾಳುಗೆಡವಿದ್ದರು. ಹೊಸ ಸರ್ವರ್ ತಂದು ಹಳೆಯ ಸಾಫ್ಟ್‌ವೇರ್ ಹಾಕೋಣವೆಂದರೆ, ಕೆಲವಕ್ಕೆ ತಯಾರಕರ ಬೆಂಬಲ ನಿಂತು ವರ್ಷಗಳಾಗಿದ್ದವು. ಉಳಿದ ಕೆಲವು ಸುರಕ್ಷಿತವಾದ ಹೊಸ ವ್ಯವಸ್ಥೆಯ ಮೇಲೆ ಓಡಲೇ ಒಪ್ಪುತ್ತಿರಲಿಲ್ಲ.

ಹಳೆಯ ನೆಟ್‌ವರ್ಕ್ ಇನ್ನೂ ಎರಡು ಬಗೆಯಲ್ಲಿ ಕೈಕೊಟ್ಟಿತು. ಒಳಗೋಡೆಗಳು ಇಲ್ಲದ್ದರಿಂದ ಒಂದು ಸರ್ವರ್‌ಗೆ ಬಂದವನು ಮನೆಯಿಡೀ ಓಡಾಡಿದ. ಜೊತೆಗೆ ಹಳೆಯ ವ್ಯವಸ್ಥೆಗಳು ತಮ್ಮತಮ್ಮಲ್ಲಿ ನೇರವಾಗಿ ಮಾತಾಡದ ಕಾರಣ ಸಿಬ್ಬಂದಿ ಒಂದರಿಂದ ದತ್ತಾಂಶ ತೆಗೆದು ಇನ್ನೊಂದಕ್ಕೆ ಕೈಯಾರೆ ಹಾಕುತ್ತಿದ್ದರು. ಹೀಗೆ ಹಾಕುವಾಗ ನಡುವೆ ಉಳಿದ ಪ್ರತಿಗಳು ಅಲ್ಲಲ್ಲಿ ಬಿದ್ದಿದ್ದವು, ಕದಿಯುವವರಿಗೆ ಅವೂ ಸಿಕ್ಕವು. ಇದಕ್ಕೆ ವಿರುದ್ಧವಾಗಿ, ಕ್ಲೌಡ್‌ಗೆ ಹೋಗಿದ್ದ ಹಣಕಾಸು ಮತ್ತು ಸಂಬಳದ ವ್ಯವಸ್ಥೆಗಳು ಅಲುಗಲಿಲ್ಲ.

2024ರ ಜನವರಿ 15ರಂದು 3.6 ಕೋಟಿ ದಾಖಲೆಗಳ ಮುಖ್ಯ ಕ್ಯಾಟಲಾಗ್ ಮರಳಿತು, ಹುಡುಕಲು ಮಾತ್ರ. ಪುಸ್ತಕ ಬೇಕಾದವರು ಖುದ್ದಾಗಿ ಬಂದು ಚೀಟಿ ಬರೆದುಕೊಡಬೇಕಿತ್ತು. ಯಾರ್ಕ್‌ಷೈರಿನ ಬಾಸ್ಟನ್ ಸ್ಪಾದಲ್ಲಿರುವ ಸಂಗ್ರಹ ಇನ್ನೂ ಸಿಗುತ್ತಿರಲಿಲ್ಲ. ಅಲ್ಲಿನ ವೃತ್ತಪತ್ರಿಕೆಗಳ ಕಟ್ಟಡದಲ್ಲಿ ಬೆಂಕಿ ತಗಲದಿರಲೆಂದು ಆಮ್ಲಜನಕ ಇಳಿಸಿದ್ದಾರೆ, ಎತ್ತಿಕೊಡುವುದು ರೋಬೋಟ್ ಕ್ರೇನು. ಕಪಾಟಿನ ಲೆಕ್ಕ ಯಂತ್ರಕ್ಕೆ ಮಾತ್ರ ಗೊತ್ತಿರುವಂತೆ ಉಗ್ರಾಣ ಕಟ್ಟುವ ಪ್ರತಿ ಮ್ಯೂಸಿಯಂ ಈ ಒಂದು ಸಂಗತಿಯನ್ನು ನಕ್ಷೆಯ ಹಂತದಲ್ಲೇ ಎದುರಿಗಿಟ್ಟುಕೊಳ್ಳಬೇಕು. ದುರಸ್ತಿಗೆ ಲೈಬ್ರರಿ ಹಾಕಿಕೊಂಡ ಯೋಜನೆ 18 ತಿಂಗಳದ್ದು. ಖರ್ಚು 60ರಿಂದ 70 ಲಕ್ಷ ಪೌಂಡ್ ಆಗಬಹುದು, ಅದು ಕೂಡಿಟ್ಟ ನಿಧಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು.

ಉಳಿದವರ ಪಕ್ಕದಲ್ಲಿಟ್ಟಾಗ

ಭದ್ರತೆಯನ್ನು ಹೋಲಿಸುವಾಗ ಸಾಮಾನ್ಯವಾಗಿ ಮೊದಲು ಕೇಳುವುದು ಪ್ರಮಾಣಪತ್ರ ಇದೆಯೇ ಎಂದು. ಬ್ರಿಟಿಷ್ ಲೈಬ್ರರಿ 2019ರಲ್ಲಿ ‘ಸೈಬರ್ ಎಸೆನ್ಷಿಯಲ್ಸ್ ಪ್ಲಸ್’ ಪಡೆದಿತ್ತು. 2022ರಲ್ಲಿ ನಿಯಮ ಬಿಗಿಯಾದಾಗ ಹಳೆಯ ವ್ಯವಸ್ಥೆಗಳ ದೆಸೆಯಿಂದ ಅದು ಕೈತಪ್ಪಿತು. ಅಂದರೆ ಪತ್ರ ಸುಳ್ಳು ಹೇಳಲಿಲ್ಲ. ಅದು ತಪ್ಪಿದ ದಿನವೇ ಅಲಾರಂ ಹೊಡೆದಿತ್ತು. ಪತ್ರ ಇದೆಯೇ ಎಂದು ಕೇಳುವುದರ ಜೊತೆಗೆ ಯಾವಾಗ ತಪ್ಪಿತು, ಏಕೆ ತಪ್ಪಿತು, ಆಮೇಲೆ ಏನು ಮಾಡಿದರು ಎಂದು ಕೇಳಿದರೆ ಉತ್ತರದಲ್ಲಿ ತಿರುಳಿರುತ್ತದೆ.

ಅದಕ್ಕಿಂತ ಉಪಯುಕ್ತ ಪ್ರಶ್ನೆಗಳು ನಾಲ್ಕು. ಹೊರಗಿನಿಂದ ಒಳಬರುವ ಬಾಗಿಲು ಎಷ್ಟು? ಒಂದರಿಂದ ಒಳಬಂದವನು ಎಷ್ಟು ದೂರ ಹೋಗಬಲ್ಲ? ಪ್ರತಿ ಎಲ್ಲಿದೆ? ಅದನ್ನು ಯಾವ ಯಂತ್ರಕ್ಕೆ, ಎಷ್ಟು ಹೊತ್ತಿನಲ್ಲಿ ಇಳಿಸುತ್ತೀರಿ? ನೂರಕ್ಕೆ ಅಂಕ ಕೊಡುವುದಾದರೆ ಕೊನೆಯದಕ್ಕೇ 40 ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಮೊದಲ ಮೂರಕ್ಕೆ ತಲಾ 20.

ಈ ಪ್ರಶ್ನೆಗಳನ್ನು ಹಿಡಿದು ಬ್ರಿಟಿಷ್ ಮ್ಯೂಸಿಯಂ ಕಡೆ ನೋಡಿ. 2025ರ ಜನವರಿಯಲ್ಲಿ ಅಲ್ಲಿಂದ ತೆಗೆದುಹಾಕಿದ್ದ ಐಟಿ ಗುತ್ತಿಗೆ ಕೆಲಸಗಾರನೊಬ್ಬ ಕಟ್ಟಡಕ್ಕೆ ನುಗ್ಗಿ ಹಲವು ವ್ಯವಸ್ಥೆಗಳನ್ನು ಬಂದ್ ಮಾಡಿದ. ಪೊಲೀಸರು ಸ್ಥಳದಲ್ಲೇ ಬಂಧಿಸಿದರು. ವಾರಾಂತ್ಯಕ್ಕೆ ಕೆಲವು ಗ್ಯಾಲರಿ ಮುಚ್ಚಿ, ಜನರನ್ನು ಮಿತಿಯಲ್ಲಿ ಒಳಬಿಡಬೇಕಾಯಿತು. ಇಲ್ಲಿ ಬಾಗಿಲು ಎಂದರೆ ನಿಜವಾದ ಬಾಗಿಲೇ. ಕೆಲಸದಿಂದ ತೆಗೆದ ಗಂಟೆಯಲ್ಲೇ ಗುರುತಿನ ಚೀಟಿ, ಲಾಗಿನ್, ಸರ್ವರ್ ಕೋಣೆಯ ಪ್ರವೇಶ ಮೂರೂ ಒಟ್ಟಿಗೆ ರದ್ದಾಗಬೇಕು. ಇವು ಮೂರು ಬೇರೆ ಬೇರೆ ವಿಭಾಗಗಳ ಕೈಯಲ್ಲಿದ್ದರೆ ಒಂದಾದರೂ ಉಳಿದುಬಿಡುತ್ತದೆ. ಆದರೆ ನಾಲ್ಕನೆಯ ಪ್ರಶ್ನೆಯಲ್ಲಿ ಮ್ಯೂಸಿಯಂ ಗೆಲ್ಲುತ್ತದೆ, ದಿನಗಳಲ್ಲಿ ಎದ್ದು ನಿಂತಿತು. ಬಂದ್ ಮಾಡಿದ್ದನ್ನು ಮತ್ತೆ ಚಾಲೂ ಮಾಡಬಹುದು, ನಾಶವಾದದ್ದನ್ನು ಕಟ್ಟಬೇಕು.

ಅಮೆರಿಕದ್ದು ಇನ್ನೊಂದು ಬಗೆ. ಮ್ಯೂಸಿಯಂಗಳ ಸಂಗ್ರಹ ನಿರ್ವಹಣೆಗೆ ಸಾಫ್ಟ್‌ವೇರ್ ಕೊಡುವ ಗ್ಯಾಲರಿ ಸಿಸ್ಟಮ್ಸ್ ಕಂಪನಿಯ ಕಂಪ್ಯೂಟರ್‌ಗಳು ದಾಳಿಗೆ ಸಿಕ್ಕದ್ದು 2023ರ ಡಿಸೆಂಬರ್ 28ರಂದು ಗೊತ್ತಾಯಿತು. ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ರೂಬಿನ್, ಆರ್ಕನ್ಸಾದ ಕ್ರಿಸ್ಟಲ್ ಬ್ರಿಜಸ್ ಇವುಗಳ ಆನ್‌ಲೈನ್ ಸಂಗ್ರಹ ಕೆಲಕಾಲ ಕಾಣೆಯಾಯಿತು. ಈ ಮ್ಯೂಸಿಯಂಗಳು ತಾವೇನೂ ತಪ್ಪು ಮಾಡಿರಲಿಲ್ಲ. ತಮ್ಮದೇ ಸರ್ವರ್‌ನಲ್ಲಿ ಡೇಟಾಬೇಸ್ ಇಟ್ಟುಕೊಂಡಿದ್ದ ಮೆಟ್ರೊಪಾಲಿಟನ್ ಮತ್ತು ವಿಟ್ನಿ ಮ್ಯೂಸಿಯಂಗಳಿಗೆ ಏನೂ ಆಗಲಿಲ್ಲ. ಹಾಗಾದರೆ ಕ್ಲೌಡ್ ಕೆಟ್ಟದ್ದೇ? ಲಂಡನ್ನಿನಲ್ಲಿ ಕ್ಲೌಡ್‌ನಲ್ಲಿದ್ದದ್ದು ಉಳಿಯಿತು, ಸ್ವಂತದ್ದು ಹೋಯಿತು. ಅಮೆರಿಕದಲ್ಲಿ ಅದು ತಿರುವುಮುರುವು. ಸರ್ವರ್ ಯಾರ ಕೋಣೆಯಲ್ಲಿದೆ ಎಂಬುದಕ್ಕೆ ಅಂಕ ಕೊಡುವುದು ಅರ್ಥವಿಲ್ಲದ ಕೆಲಸ. ಇನ್ನೊಂದು ಕಡೆ ಒಂದು ಪೂರ್ಣ ಪ್ರತಿ ನಿಮ್ಮ ಕೈಯಲ್ಲಿದೆಯೇ ಎಂಬುದಕ್ಕೆ ಕೊಡಿ. ಇಂಥ ಡೇಟಾಬೇಸ್‌ನಲ್ಲಿ ಚಿತ್ರಗಳಷ್ಟೇ ಇರುವುದಿಲ್ಲ. ದಾನಿಯ ಹೆಸರು, ವಿಮೆಯ ಮೊತ್ತ, ವಸ್ತು ಯಾವ ಉಗ್ರಾಣದ ಯಾವ ಖಾನೆಯಲ್ಲಿದೆ, ಎರವಲು ಹೋಗುವಾಗ ಯಾವ ದಾರಿ ಎಂಬುದೂ ಇರುತ್ತದೆ. ಕಳ್ಳನ ಕೈಗೆ ಅದು ಸಿಕ್ಕರೆ ವಸ್ತುವಿಗೇ ಅಪಾಯ.

ಪ್ಯಾರಿಸ್ಸಿನಲ್ಲಿ 2024ರ ಆಗಸ್ಟ್ ಮೊದಲ ವಾರ, ಒಲಿಂಪಿಕ್ಸ್ ನಡುವೆ, ಗ್ರಾಂ ಪಲೇ ಎಂಬ ಪ್ರದರ್ಶನ ಕಟ್ಟಡವನ್ನೂ ಫ್ರಾನ್ಸಿನ ಸುಮಾರು 40 ಮ್ಯೂಸಿಯಂ ಅಂಗಡಿಗಳ ಲೆಕ್ಕವನ್ನೂ ನೋಡಿಕೊಳ್ಳುವ ಸಂಸ್ಥೆಯ ಮೇಲೆ ದಾಳಿ ನಡೆಯಿತು. ಕತ್ತಿವರಸೆಯ ಸ್ಪರ್ಧೆಗಳಿದ್ದ ಆ ಕಟ್ಟಡದಲ್ಲಿ ಕ್ರೀಡೆ ನಿಲ್ಲಲಿಲ್ಲ, ಅಂಗಡಿಗಳು ತಮ್ಮಷ್ಟಕ್ಕೆ ವ್ಯಾಪಾರ ಮುಂದುವರಿಸಿದವು. ಎರಡನೆಯ ಪ್ರಶ್ನೆಗೆ ಇದು ಒಳ್ಳೆಯ ಉತ್ತರ.

ಪ್ಯಾರಿಸ್ಸಿನದೇ ಲೂವ್ರ್ ಮ್ಯೂಸಿಯಂನದು ಬೇರೆಯೇ ಪಾಠ. ಫ್ರಾನ್ಸಿನ ಸೈಬರ್ ಭದ್ರತಾ ಸಂಸ್ಥೆ 2014ರಲ್ಲಿ ನಡೆಸಿದ ತಪಾಸಣೆಯಲ್ಲಿ ಕ್ಯಾಮೆರಾಗಳ ಸರ್ವರ್‌ಗೆ ‘ಲೂವ್ರ್’ ಎಂಬುದೇ ಪಾಸ್‌ವರ್ಡ್ ಆಗಿದ್ದದ್ದು ಕಂಡುಬಂದಿತ್ತು ಎಂದು 2025ರ ನವೆಂಬರಿನಲ್ಲಿ ಅಲ್ಲಿನ ಪತ್ರಿಕೆ ಬರೆಯಿತು. ಅದಕ್ಕೆ ಸ್ವಲ್ಪ ಮುಂಚೆ, ಅಕ್ಟೋಬರ್ 19ರಂದು, 8.8 ಕೋಟಿ ಯೂರೋ ಬೆಲೆಯ ಆಭರಣ ಕಳುವಾಗಿತ್ತು. ಆ ಕಳ್ಳರು ಬಂದದ್ದು ಸಾಮಾನು ಎತ್ತುವ ಲಿಫ್ಟ್ ಮತ್ತು ಕಟ್ಟರ್ ಹಿಡಿದು. ಪಾಸ್‌ವರ್ಡ್‌ಗೂ ಅದಕ್ಕೂ ಗಂಟುಹಾಕುವುದು ತಪ್ಪು. ಹೋಲಿಕೆಗೆ ಬೇಕಾದದ್ದು ಇನ್ನೊಂದು: ತಪಾಸಣೆ ಮಾಡಿಸುವುದೂ ಅದರಲ್ಲಿ ಕಂಡದ್ದನ್ನು ಸರಿಪಡಿಸುವುದೂ ಎರಡು ಬೇರೆ ಬೇರೆ ಅಂಕ. ವರದಿಯ ಪ್ರತಿ ದೋಷದ ಎದುರು ಸರಿಪಡಿಸಿದ ದಿನಾಂಕ ಇದೆಯೇ ನೋಡಿ.

ನಮ್ಮ ಸಣ್ಣ ಮ್ಯೂಸಿಯಂ ಇದನ್ನು ಅಳೆದುಕೊಳ್ಳುವುದು ಹೇಗೆ

ಜಿಲ್ಲಾ ಕೇಂದ್ರದ ಒಂದು ಮ್ಯೂಸಿಯಂ ಎಂದುಕೊಳ್ಳಿ. ನಾಲ್ಕೈದು ಕಂಪ್ಯೂಟರ್, ಸಿಸಿಟಿವಿ ಚಿತ್ರ ದಾಖಲಿಸುವ ಒಂದು ಡಿವಿಆರ್, ಟಿಕೆಟ್ ಕೌಂಟರ್, ಸಂಗ್ರಹದ ಡೇಟಾಬೇಸ್. ಅದು ಸಿ-ಡಾಕ್ ಎಂಬ ಸರ್ಕಾರಿ ಸಂಸ್ಥೆಯ ಮ್ಯೂಸಿಯಂ ಸಾಫ್ಟ್‌ವೇರ್ ‘ಜತನ್’ ಇರಬಹುದು, ಎಕ್ಸೆಲ್ ಹಾಳೆಯೇ ಇರಬಹುದು.

ಬಾಗಿಲುಗಳನ್ನು ಎಣಿಸಲು ಅರ್ಧ ದಿನ ಸಾಕು. ಪ್ರತಿ ಕಂಪ್ಯೂಟರ್ ಮುಂದೆ ಕೂತು ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥವು ಹಾಕಿವೆಯೇ ನೋಡಿ. ಪ್ರಿಂಟರ್ ರಿಪೇರಿಗೆಂದು ಎರಡು ವರ್ಷದ ಹಿಂದೆ ಹಾಕಿಸಿದ್ದು ಇನ್ನೂ ತೆರೆದೇ ಇರುತ್ತದೆ. ಬೇಡದ್ದು ತೆಗೆಯಿರಿ, ಬೇಕಾದ್ದಕ್ಕೆ ಎರಡು ಹಂತದ ಲಾಗಿನ್ ಹಾಕಿ, ವೆಂಡರ್ ಕೇಳಿದಾಗ ಮಾತ್ರ ಚಾಲೂ ಮಾಡಿ. ಡಿವಿಆರ್‌ಗೆ ಅಳವಡಿಸುವಾಗ ಕೊಟ್ಟ ಪಾಸ್‌ವರ್ಡ್ ಹಾಗೇ ಇದ್ದರೆ ಅಂದೇ ಬದಲಿಸಿ. ಕ್ಯಾಮೆರಾ, ಸಂದರ್ಶಕರ ವೈಫೈ ಮತ್ತು ಡೇಟಾಬೇಸ್ ಒಂದೇ ರೂಟರ್ ಮೇಲೆ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಮೂರು ಭಾಗ ಮಾಡಿಸಿ. ವಿಎಲ್ಯಾನ್, ಅಂದರೆ ಒಂದೇ ನೆಟ್‌ವರ್ಕಿನಲ್ಲಿ ಬೇರೆ ಬೇರೆ ಭಾಗ, ಮಾಡಬಲ್ಲ ಒಂದು ನೆಟ್‌ವರ್ಕ್ ಸ್ವಿಚ್ ಇದ್ದರೆ ಆಗುವ ಕೆಲಸ.

440 ಜಿಬಿಯ ಲೆಕ್ಕವನ್ನೂ ನಮ್ಮ ಮಟ್ಟಕ್ಕೆ ಇಳಿಸಿ ನೋಡಬಹುದು. 100 ಎಂಬಿಪಿಎಸ್ ಲೈನನ್ನು ಪೂರ್ತಿ ತುಂಬಿದರೂ ಅಷ್ಟು ಹೊರಗೆ ಹೋಗಲು ಸುಮಾರು 10 ಗಂಟೆ ಬೇಕು. ರಾತ್ರಿ ಬೀಗ ಹಾಕಿದ ಮ್ಯೂಸಿಯಂನಿಂದ 10 ಗಂಟೆ ಅಪ್‌ಲೋಡ್ ಆಗುತ್ತಿದ್ದರೆ ರೂಟರ್‌ನ ಗ್ರಾಫ್‌ನಲ್ಲಿ ಎದ್ದು ಕಾಣುತ್ತದೆ. ಬೆಳಿಗ್ಗೆ ಒಬ್ಬರು ಅದನ್ನು ನೋಡುವ ರೂಢಿ ಇರಬೇಕು, ಅಷ್ಟೆ.

ಈಗ ನಾಲ್ಕನೆಯ ಪ್ರಶ್ನೆ. 20,000 ವಸ್ತುಗಳು, ಒಂದಕ್ಕೆ 5 ಚಿತ್ರ, ಚಿತ್ರಕ್ಕೆ 40 ಎಂಬಿ ಎಂದರೆ 4 ಟಿಬಿ. ಬ್ಯಾಕಪ್ ಕ್ಲೌಡ್‌ನಲ್ಲಿ ಮಾತ್ರ ಇದ್ದು ನಿಮ್ಮ ಲೈನ್ 50 ಎಂಬಿಪಿಎಸ್ ಆದರೆ, ಒಂದು ಸಲವೂ ಕಡಿಯದೆ ಇಳಿದರೂ ಏಳು ದಿನಕ್ಕೂ ಹೆಚ್ಚು. ಅದೇ 4 ಟಿಬಿಯನ್ನು ಹೊರಗಿನ ಹಾರ್ಡ್‌ಡಿಸ್ಕ್‌ನಿಂದ ಸೆಕೆಂಡಿಗೆ 100 ಎಂಬಿಯಂತೆ ಇಳಿಸಿದರೆ 11 ಗಂಟೆ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ಎರಡು ಡಿಸ್ಕ್‌ಗಳನ್ನು ವಾರಕ್ಕೊಂದರಂತೆ ಅದಲುಬದಲು ಮಾಡಿ, ಒಂದು ಸದಾ ಕೇಬಲ್ ಕಳಚಿ ಬೀರುವಿನಲ್ಲಿರಲಿ. ಕೇಬಲ್ ಚುಚ್ಚಿಯೇ ಬಿಟ್ಟ ಡಿಸ್ಕ್‌ಗೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ. ಬಹಳ ಕಡೆ ಬ್ಯಾಕಪ್ ಕೈಕೊಡುವುದು ಇಲ್ಲೇ. ವೆಂಡರ್ ಸಾಫ್ಟ್‌ವೇರ್ ಆದರೆ ತಿಂಗಳಿಗೊಮ್ಮೆ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ಸಿಎಸ್‌ವಿ ರೂಪದಲ್ಲಿ ಪೂರ್ತಿ ದಾಖಲೆ ತೆಗೆದಿಡಿ, ಆ ಹಕ್ಕು ಒಪ್ಪಂದದಲ್ಲೇ ಬರೆದಿರಲಿ. ವಸ್ತುಸಂಖ್ಯೆ, ಹೆಸರು, ಜಾಗ ಈ ಮೂರು ಕಾಲಮ್ಮುಗಳ ಮುದ್ರಿತ ವಹಿ ವರ್ಷಕ್ಕೊಮ್ಮೆ ಬೈಂಡ್ ಆಗಲಿ. ಲಂಡನ್ನಿನಲ್ಲಿ ತಿಂಗಳುಗಟ್ಟಲೆ ಇಲ್ಲದೆ ಹೋದದ್ದು ಈ ಮೂರು ಕಾಲಮ್ಮುಗಳ ಮಾಹಿತಿಯೇ.

ಘಟನೆ ನಡೆದರೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೂ ಕಂಪನಿಗಳಿಗೂ ಅನ್ವಯಿಸುತ್ತದೆ: ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ಲಾಗ್ ದೇಶದೊಳಗೇ ಇಟ್ಟಿರಬೇಕು, ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿರಬೇಕು. ಗಡಿಯಾರದ ಮಾತು ಸಣ್ಣದೆನಿಸಬಹುದು. ರಾತ್ರಿ 11.29ಕ್ಕೆ ಯಾರು ಬಂದರು, 1.30ಕ್ಕೆ ಏನು ಹೋಯಿತು ಎಂದು ಜೋಡಿಸಲು ಯಂತ್ರಗಳ ನಡುವೆ ಹತ್ತು ನಿಮಿಷ ವ್ಯತ್ಯಾಸವಿದ್ದರೂ ತನಿಖೆ ದಾರಿ ತಪ್ಪುತ್ತದೆ. ಸೋಂಕು ತಗಲಿದ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಎಳೆಯಿರಿ, ಕರೆಂಟು ತೆಗೆಯಬೇಡಿ. ಮೆಮೊರಿಯಲ್ಲಿರುವ ಸುಳಿವು ಕರೆಂಟು ಹೋದರೆ ಅಳಿಯುತ್ತದೆ. ಲಾಗ್‌ಗಳು ಅದೇ ಯಂತ್ರದಲ್ಲಿದ್ದರೆ ನುಗ್ಗಿದವನೇ ಅಳಿಸುತ್ತಾನೆ, ಆದ್ದರಿಂದ ಅವು ಬೇರೊಂದು ಯಂತ್ರಕ್ಕೆ ಹೋಗುತ್ತಿರಲಿ.

ಅಂಕ ಹಾಕುವ ಮುನ್ನ ಒಂದು ಪರೀಕ್ಷೆ ನಡೆಸಿ, ಆರು ತಿಂಗಳಿಗೊಮ್ಮೆ. ಎಲ್ಲಿಂದಾದರೂ ಒಂದು ಖಾಲಿ ಕಂಪ್ಯೂಟರ್ ತನ್ನಿ, ಮ್ಯೂಸಿಯಂನ ನೆಟ್‌ವರ್ಕ್‌ಗೆ ಸೇರಿಸಬೇಡಿ. ಬೀರುವಿನ ಡಿಸ್ಕ್‌ನಿಂದ ವಿಂಡೋಸ್ ಸಮೇತ ಎಲ್ಲವನ್ನೂ ಅದರಲ್ಲಿ ಮೊದಲಿನಿಂದ ಹಾಕಿ. ಸಾಫ್ಟ್‌ವೇರಿನ ಇನ್‌ಸ್ಟಾಲರ್, ಲೈಸೆನ್ಸ್ ಸಂಖ್ಯೆ, ಡೇಟಾಬೇಸಿನ ಆವೃತ್ತಿ, ಪಾಸ್‌ವರ್ಡ್ ಇವುಗಳಲ್ಲಿ ಒಂದಾದರೂ ಮೊದಲ ಸಲ ಸಿಗುವುದಿಲ್ಲ. ಸಿಗದ್ದನ್ನು ಬರೆದಿಟ್ಟು, ಹುಡುಕಿಸಿ, ಡಿಸ್ಕ್‌ಗೆ ಸೇರಿಸಿ. ಮೂರು ವಸ್ತುಗಳ ಸಂಖ್ಯೆ ಹೇಳಿ ಆ ದಾಖಲೆ, ಚಿತ್ರ, ಉಗ್ರಾಣದ ಜಾಗ ಮೂರೂ ತೆರೆಯುತ್ತವೆಯೇ ನೋಡಿ, ಉಗ್ರಾಣಕ್ಕೆ ಹೋಗಿ ವಸ್ತು ಅಲ್ಲೇ ಇದೆಯೇ ಎಂದೂ ನೋಡಿ. ಶುರುಮಾಡಿದ ಗಂಟೆ, ಮೂರನೆಯ ವಸ್ತು ಸಿಕ್ಕ ಗಂಟೆ, ಕೂತವರ ಸಹಿ ಒಂದು ಹಾಳೆಯಲ್ಲಿರಲಿ. ಎರಡು ಮ್ಯೂಸಿಯಂಗಳನ್ನು ಹೋಲಿಸುವಾಗ ಮೇಜಿನ ಮೇಲೆ ಇಡಬೇಕಾದದ್ದು ಈ ಎರಡು ಹಾಳೆಗಳನ್ನು.